ಹೊಳೆಯುವುದು ಬೇರೆ, ಓದಲು ಬರುವುದು ಬೇರೆ: ರಾತ್ರಿಯ ರಸ್ತೆ ಫಲಕಗಳ ಬಗ್ಗೆ

ರಾತ್ರಿ ಹೆದ್ದಾರಿ ಬದಿಯಲ್ಲಿ ಹೊಸದಾಗಿ ನೆಟ್ಟ ಹಸಿರು ಬೋರ್ಡು ಎಷ್ಟೋ ದೂರದಿಂದಲೇ ಫಳಫಳ ಹೊಳೆಯುತ್ತಿರುತ್ತದೆ. ಹತ್ತಿರ ಹೋದಂತೆ ಬಿಳಿ ಅಕ್ಷರಗಳೆಲ್ಲ ಒಂದಕ್ಕೊಂದು ಅಂಟಿಕೊಂಡ ಹಾಗೆ ಕಾಣುತ್ತವೆ. ಕೊನೆಯಲ್ಲಿ ‘ಹಳ್ಳಿ’ ಎಂದಿದೆ ಅನ್ನುವುದು ಗೊತ್ತಾಗುತ್ತದೆ. ಯಾವ ಹಳ್ಳಿ ಎಂದು ತಿಳಿಯುವಷ್ಟರಲ್ಲಿ ತಿರುವು ದಾಟಿ ಹೋಗಿರುತ್ತದೆ. ಬೋರ್ಡು ಮಾಡಿಸುವಾಗ ಮೇಲೆ ಅಂಟಿಸುವ ಹೊಳೆಯುವ ಶೀಟಿನ ದರ್ಜೆ ಯಾವುದು, ಉದ್ದಗಲ ಎಷ್ಟು ಎಂದು ಕೇಳುವವರು ಬಹಳ. ಅಕ್ಷರದ ಗೆರೆ ಎಷ್ಟು ದಪ್ಪ ಇರಬೇಕು, ಒತ್ತಕ್ಷರಕ್ಕೆ ಎಷ್ಟು ಜಾಗ ಬೇಕು, ಬೋರ್ಡು ಯಾವ ಕಡೆ ಮುಖ ಮಾಡಿ ನಿಲ್ಲಬೇಕು ಎಂದು ಕೇಳುವವರು ಕಡಿಮೆ. ರಾತ್ರಿ ಓದಲು ಬರುತ್ತದೋ ಇಲ್ಲವೋ ಎನ್ನುವುದು ಬಹುಪಾಲು ಈ ಮೂರರಲ್ಲೇ ತೀರ್ಮಾನವಾಗಿಬಿಡುತ್ತದೆ. ಅದಕ್ಕೇ ಶೀಟಿನಿಂದ ಶುರುಮಾಡಿ ಕಂಬದವರೆಗೆ ಎಲ್ಲವನ್ನೂ ಇಲ್ಲಿ ಬರೆಯುತ್ತಿದ್ದೇನೆ.

ಬೆಳಕು ಮರಳುವ ಬಗೆ

ನಮ್ಮಲ್ಲಿ ಹೊಳೆಯುವ ಸ್ಟಿಕ್ಕರಿಗೆಲ್ಲ ‘ರೇಡಿಯಂ’ ಎನ್ನುವುದು ರೂಢಿ. ಅದರಲ್ಲಿ ರೇಡಿಯಂ ಇಲ್ಲ, ಅದು ತಾನಾಗಿ ಬೆಳಗುವುದೂ ಇಲ್ಲ. ಹೆಡ್‌ಲೈಟಿನ ಬೆಳಕು ಬಂದ ದಾರಿಗೇ ಅದನ್ನು ತಿರುಗಿಸಿ ಕಳಿಸುತ್ತದೆ, ಅಷ್ಟೆ. ಬಿಳಿ ಎನಾಮಲ್ ಬಳಿದ ತಗಡು ಬೆಳಕನ್ನು ಎಲ್ಲ ದಿಕ್ಕಿಗೂ ಚೆಲ್ಲುತ್ತದೆ, ಚಾಲಕನ ಕಣ್ಣಿಗೆ ಸಿಗುವುದು ಅದರ ಒಂದು ಚೂರು. ಕನ್ನಡಿ ಬೆಳಕನ್ನು ಇನ್ನೊಂದು ಕಡೆಗೆ ಎಸೆಯುತ್ತದೆ. ಈ ಶೀಟು ಮಾತ್ರ ಬೆಳಕು ಹೊರಟಲ್ಲಿಗೇ, ಅಂದರೆ ವಾಹನದತ್ತಲೇ, ಕಿರಿದಾದ ಒಂದು ಕೋನದೊಳಗೆ ಅದನ್ನು ಮರಳಿಸುತ್ತದೆ.

ಇದನ್ನು ಮಾಡುವ ವಿಧಾನ ಎರಡು. ಒಂದರಲ್ಲಿ ಕಣ್ಣಿಗೆ ಕಾಣದಷ್ಟು ಸಣ್ಣ ಗಾಜಿನ ಮಣಿಗಳನ್ನು ಪಾರದರ್ಶಕ ಪದರದೊಳಗೆ ಹುದುಗಿಸಿ, ಹಿಂದೆ ಲೋಹದ ತೆಳು ಲೇಪ ಕೊಟ್ಟಿರುತ್ತಾರೆ. ಎಂಜಿನಿಯರಿಂಗ್ ಗ್ರೇಡ್ ಎಂದು ಅಂಗಡಿಯಲ್ಲಿ ಸಿಗುವುದು ಇದೇ. ಇನ್ನೊಂದು ಪ್ರಿಸಂ ಶೀಟು. ಎರಡು ಗೋಡೆ ಮತ್ತು ನೆಲ ಸೇರುವ ಮೂಲೆಗೆ ಚೆಂಡು ಹೊಡೆದರೆ ಅದು ಮೂರೂ ಕಡೆ ತಾಗಿ ಹೊಡೆದವನ ಕಡೆಗೇ ವಾಪಸು ಬರುತ್ತದಲ್ಲ, ಅಂಥ ಮೂಲೆಗಳನ್ನು ಸೂಕ್ಷ್ಮ ಗಾತ್ರದಲ್ಲಿ ಪ್ಲಾಸ್ಟಿಕ್ಕಿನಲ್ಲಿ ಅಚ್ಚೊತ್ತಿರುತ್ತಾರೆ. ಅದರ ಬೆನ್ನಿಗೆ ಗಾಳಿ ಇರುವುದು ಕಡ್ಡಾಯ. ಗಾಳಿ ಇದ್ದರೆ ಮಾತ್ರ ಬೆಳಕು ಒಳಗೇ ಪೂರ್ತಿ ಪ್ರತಿಫಲಿಸುತ್ತದೆ. ಹಾಗಾಗಿ ಶೀಟನ್ನು ಸಣ್ಣ ಸಣ್ಣ ಕೋಶಗಳಾಗಿ ಸೀಲ್ ಮಾಡಿರುತ್ತಾರೆ. ಮೇಲ್ಮೈಯಲ್ಲಿ ಜೇನುಗೂಡಿನಂತೆಯೋ ವಜ್ರಾಕೃತಿಯಲ್ಲೋ ಕಾಣುವ ಗೆರೆಗಳು ಅವೇ. ಕೋಶದೊಳಗೆ ನೀರು ಹೊಕ್ಕರೆ ಆ ಕೋಶ ಕತ್ತಲಾಯಿತೆಂದೇ ಲೆಕ್ಕ. ಈ ಮಾತನ್ನು ನೆನಪಿಡಿ, ಅಕ್ಷರ ಕತ್ತರಿಸುವಾಗ ಮತ್ತೆ ಬೇಕಾಗುತ್ತದೆ.

ಭಾರತೀಯ ರಸ್ತೆ ಕಾಂಗ್ರೆಸ್ಸಿನ ಫಲಕ ಸಂಹಿತೆ ಐಆರ್‌ಸಿ 67. 2012ರಲ್ಲಿ ಪರಿಷ್ಕೃತವಾದದ್ದು 2022ರಲ್ಲಿ ಮತ್ತೆ ಪರಿಷ್ಕೃತವಾಗಿದೆ. ಶೀಟಿನ ಟೈಪುಗಳ ವಿಷಯಕ್ಕೆ ಬಂದರೆ ಎಲ್ಲರೂ ಬಳಸುವ ಅಳತೆಗೋಲು ಎಎಸ್‌ಟಿಎಂ ಎಂಬ ಅಮೆರಿಕದ ಮಾನದಂಡ ಸಂಸ್ಥೆಯ ಡಿ 4956. ಬಿಳಿ ಶೀಟು ಮರಳಿಸಬೇಕಾದ ಬೆಳಕಿಗೆ ಅದು ಕೇಳುವ ಕನಿಷ್ಠ ಮಟ್ಟ, ಒಂದು ಲಕ್ಸ್ ಬೆಳಕಿಗೆ ಚದರ ಮೀಟರಿಗೆ ಇಷ್ಟು ಕ್ಯಾಂಡೆಲಾ ಎಂಬ ಲೆಕ್ಕದಲ್ಲಿ, ಹೀಗಿದೆ: ಟೈಪ್ 1 ಎಂಜಿನಿಯರಿಂಗ್ ಗ್ರೇಡಿಗೆ 70, ಟೈಪ್ 4 ಹೈ ಇಂಟೆನ್ಸಿಟಿ ಪ್ರಿಸಂಗೆ 360, ಅದಕ್ಕೂ ಮೇಲಿನ ದರ್ಜೆಯ ಪ್ರಿಸಂ ಶೀಟಾದ ಟೈಪ್ 11ಕ್ಕೆ 580. ಇವು 0.2 ಡಿಗ್ರಿ ವೀಕ್ಷಣಾ ಕೋನದಲ್ಲಿ, ಅಂದರೆ ಹೆಡ್‌ಲೈಟಿಗೂ ಚಾಲಕನ ಕಣ್ಣಿಗೂ ನಡುವೆ ಬೋರ್ಡಿನಿಂದ ನೋಡಿದಾಗ ಅಷ್ಟೇ ಕೋನ ಇದ್ದಾಗ, ಸಿಗುವ ಅಂಕಿಗಳು.

ಈ ಕೋನ ಎಲ್ಲ ವಾಹನಕ್ಕೂ ಒಂದೇ ಅಲ್ಲ. ಕಾರಿನಲ್ಲಿ ಕಣ್ಣು ಲೈಟಿಗಿಂತ ಸುಮಾರು ಅರ್ಧ ಮೀಟರು ಮೇಲಿರುತ್ತದೆ; 100 ಮೀಟರು ದೂರದ ಬೋರ್ಡಿಗೆ ಅದು 0.3 ಡಿಗ್ರಿ. ಲಾರಿ ಚಾಲಕ ಲೈಟಿಗಿಂತ 1.4 ಮೀಟರು ಮೇಲೆ ಕೂತಿದ್ದರೆ ಅದೇ ಬೋರ್ಡಿಗೆ 0.8 ಡಿಗ್ರಿ, 50 ಮೀಟರಿಗೆ ಬಂದಾಗ 1.6 ಡಿಗ್ರಿ. ಮರಳಿದ ಬೆಳಕಿನ ಹೆಚ್ಚು ಪಾಲು ಲಾರಿಯ ಬಂಪರಿಗೆ ಬೀಳುತ್ತದೆ, ಚಾಲಕನಿಗೆ ಸಿಗುವುದು ಅದರ ಅಂಚು. ಕೋನ 0.5 ಡಿಗ್ರಿ ಆದಾಗ ಟೈಪ್ 4ರ ಮಟ್ಟ 360ರಿಂದ 150ಕ್ಕೆ ಕುಸಿಯುತ್ತದೆ, ಟೈಪ್ 11ರದ್ದು 580ರಿಂದ 420ಕ್ಕೆ ಮಾತ್ರ ಇಳಿಯುತ್ತದೆ. ದುಬಾರಿ ಶೀಟು ಯಾಕೆ ಬೇಕು ಎಂದು ಕೇಳುವವರಿಗೆ ನಾನು ಕೊಡುವ ಉತ್ತರ ಈ ಎರಡು ಜೋಡಿ ಅಂಕಿ. ಲಾರಿ, ಬಸ್ಸು ಓಡಾಡುವ ಹೆದ್ದಾರಿಯ ದಿಕ್ಸೂಚಿ ಬೋರ್ಡಿಗೆ ಟೈಪ್ 11 ಸಲ್ಲುತ್ತದೆ. ಹಳ್ಳಿ ರಸ್ತೆಗೆ ಟೈಪ್ 4 ಸಾಕು. ಹಳೇ ಬೈಕು, ಮೊಪೆಡ್ಡಿನ ಮಂಕು ಲೈಟಿಗೆ ಓದಲು ಬರಬೇಕಾದ್ದರಿಂದ ಅಲ್ಲಿ ಟೈಪ್ 1ಕ್ಕೆ ಇಳಿಯಬೇಡಿ.

ಕನ್ನಡ ಅಕ್ಷರಕ್ಕೆ ಬೇಕಾದ ಜಾಗ

ಆರೋಗ್ಯವಂತ ಕಣ್ಣು, ಕಣ್ಣಿನ ಡಾಕ್ಟರು 6/6 ಎಂದು ಬರೆದುಕೊಡುವ ಕಣ್ಣು, ಒಂದು ಡಿಗ್ರಿಯ 60ನೇ ಒಂದು ಭಾಗದಷ್ಟು ಸಂದನ್ನು ಗುರುತಿಸಬಲ್ಲದು. 100 ಮೀಟರು ದೂರದಲ್ಲಿ ಅದು 29 ಮಿಲಿಮೀಟರು. ಅದಕ್ಕಿಂತ ಕಿರಿದಾದ ಸಂದು, ಗೀಟು, ಚುಕ್ಕೆ ಆ ದೂರಕ್ಕೆ ಇಲ್ಲದಂತೆಯೇ. 6/12 ಕಣ್ಣಿಗೆ ಅದು 58 ಮಿ.ಮೀ. ಆಗಬೇಕು. ಇದು ಒಳ್ಳೆಯ ಬೆಳಕಿನ ಲೆಕ್ಕ. ರಾತ್ರಿಗೆ ಇನ್ನೂ ಧಾರಾಳ ಬೇಕು.

ಈಗ ‘ಧರ್ಮಸ್ಥಳ’ ಎಂದು ಬರೆದ ಬೋರ್ಡು ತೆಗೆದುಕೊಳ್ಳಿ. ಅಕ್ಷರದ ಮೈ, ಅಂದರೆ ಒತ್ತು, ಗುಡಿಸು ಬಿಟ್ಟ ಮೂಲಾಕ್ಷರ, 250 ಮಿ.ಮೀ. ಎತ್ತರ ಎಂದಿಟ್ಟುಕೊಳ್ಳೋಣ. ದ ಅಕ್ಷರ ಧ ಆಗುವುದು ಅಡಿಯ ಒಂದು ಪುಟ್ಟ ಗೀಟಿನಿಂದ. ಅದರ ಎರಡು ಪಕ್ಕದ ಸಂದು ಮೈಯ ಹತ್ತರಲ್ಲೊಂದು ಭಾಗ, ಅಂದರೆ 25 ಮಿ.ಮೀ. ಇದ್ದರೂ 6/6 ಕಣ್ಣಿಗೆ ಅದು ಕಾಣತೊಡಗುವುದು 85 ಮೀಟರಿನ ಆಸುಪಾಸಿನಲ್ಲಿ. ಇನ್ನು ಸ್ಥ ನೋಡಿ. ಥ ಒತ್ತು ಮೂಲಾಕ್ಷರದ ಅರ್ಧ ಗಾತ್ರಕ್ಕೆ ಇಳಿದಿರುತ್ತದೆ, ಅದರೊಳಗಿನ ಚುಕ್ಕೆ, ಗೀಟು ಎಲ್ಲವೂ ಅರ್ಧ. ಅವು 40 ಮೀಟರಿಗೆ ಮೊದಲು ಕಾಣುವುದಿಲ್ಲ. ಹಾಗಿದ್ದೂ ಧರ್ಮಸ್ಥಳ ಎಂದು ನಾವು ದೂರದಿಂದ ಓದಿಬಿಡುವುದು ಆ ಹೆಸರಿನ ಒಟ್ಟು ಆಕಾರ ಕಣ್ಣಿಗೆ ರೂಢಿ ಇರುವುದರಿಂದ. ಅದರ ಕೆಳಗಿನ ಸಾಲಿನಲ್ಲಿರುವ ಸಣ್ಣ ಊರಿಗೆ ಆ ಅನುಕೂಲ ಇಲ್ಲ. ಅದನ್ನು ಅಕ್ಷರ ಅಕ್ಷರವಾಗಿ ಓದಬೇಕು. ಬೋರ್ಡು ನಿಜವಾಗಿ ಬೇಕಾದದ್ದೂ ಆ ಊರು ಹುಡುಕುವವರಿಗೇ. ಆದ್ದರಿಂದ ಸಣ್ಣ ಊರೆಂದು ಅಕ್ಷರ ಸಣ್ಣದು ಮಾಡುವುದು ತಪ್ಪು.

ರೋಮನ್ ಅಕ್ಷರಗಳಿಗೆ ಅಮೆರಿಕದಲ್ಲಿ ಬಳಸುವ ಒಂದು ಲೆಕ್ಕವಿದೆ: ಒಂದು ಇಂಚು ಎತ್ತರಕ್ಕೆ 30 ಅಡಿ ದೂರ. ನಮ್ಮ ಅಳತೆಯಲ್ಲಿ ಒಂದು ಸೆಂಟಿಮೀಟರಿಗೆ 3.6 ಮೀಟರು. 60 ಕಿ.ಮೀ. ವೇಗದಲ್ಲಿ ವಾಹನ ಸೆಕೆಂಡಿಗೆ 16.7 ಮೀಟರು ಸಾಗುತ್ತದೆ. ಮೂರು ಊರು, ಮೂರು ಬಾಣ ಇರುವ ಬೋರ್ಡು ಓದಲು ನಾಲ್ಕು ಸೆಕೆಂಡು ಕೊಡೋಣ, 67 ಮೀಟರು. ಬೋರ್ಡು ಚಾಲಕನ ಕಣ್ಣಿನ ನೇರದಿಂದ 5 ಮೀಟರು ಎಡಕ್ಕಿದ್ದರೆ ಕೊನೆಯ 28 ಮೀಟರಿನಲ್ಲಿ ಅದು ನೋಟದಿಂದ 10 ಡಿಗ್ರಿಗಿಂತ ಆಚೆ ಸರಿದಿರುತ್ತದೆ, ತಲೆ ತಿರುಗಿಸದೆ ಓದಲಾಗದು. ಒಟ್ಟು 95 ಮೀಟರು, ಅಂದರೆ ರೋಮನ್ ಅಕ್ಷರಕ್ಕೆ 26 ಸೆಂ.ಮೀ. ಕನ್ನಡದ ಅಕ್ಷರಮೈ, ಒತ್ತು ಮತ್ತು ಗುಡಿಸು ಬಿಟ್ಟು, ಇದಕ್ಕಿಂತ ಕಡಿಮೆ ಆಗಲೇಬಾರದು. ನನ್ನ ಸಲಹೆ 30 ಸೆಂ.ಮೀ. ಎರಡು ಭಾಷೆಯ ಬೋರ್ಡುಗಳಲ್ಲಿ ಕನ್ನಡ ಸಾಲಿಗೂ ಇಂಗ್ಲಿಷ್ ಸಾಲಿಗೂ ಸಮಾನ ಪಟ್ಟಿ ಹಂಚಿ, ಆ ಪಟ್ಟಿಯೊಳಗೆ ಕನ್ನಡದ ಒತ್ತು ಗುಡಿಸುಗಳನ್ನೂ ತುರುಕಿದರೆ ಕನ್ನಡದ ಮೈ ಇಂಗ್ಲಿಷಿನ ಮುಕ್ಕಾಲಿಗೆ ಇಳಿದುಬಿಡುತ್ತದೆ. ಹೊರಗೆ ನೋಡಲು ಸರಿಸಮ, ಓದುವಾಗ ಕನ್ನಡ ಹಿಂದೆ. ಪಟ್ಟಿ ಸಮ ಮಾಡುವುದಲ್ಲ, ಮೈ ಸಮ ಮಾಡಬೇಕು. ಮೇಲಿನ ಸಾಲಿನ ಒತ್ತಿನ ಕೆಳತುದಿಗೂ ಕೆಳಸಾಲಿನ ಗುಡಿಸಿನ ಮೇಲ್ತುದಿಗೂ ಕಡೇಪಕ್ಷ ಅರ್ಧ ಅಕ್ಷರದ ಖಾಲಿ ಜಾಗ ಬಿಡಿ. ‘ಹುಬ್ಬಳ್ಳಿ’ಯ ಕೆಳಗೆ ‘ಶಿಗ್ಗಾವಿ’ ಬರೆದು ನೋಡಿದರೆ ಯಾಕೆಂದು ತಕ್ಷಣ ತಿಳಿಯುತ್ತದೆ.

ರಾತ್ರಿಗೆ ಇನ್ನೊಂದು ತೊಡಕು ಉಂಟು. ಕತ್ತಲ ಹಿನ್ನೆಲೆಯಲ್ಲಿ ಹೊಳೆಯುವ ಬಿಳಿ ಗೆರೆ ಕಣ್ಣಿಗೆ ತನ್ನ ನಿಜವಾದ ದಪ್ಪಕ್ಕಿಂತ ಹೆಚ್ಚಾಗಿ ಉಬ್ಬಿ ಕಾಣುತ್ತದೆ. ಕ, ಥ, ಷಗಳ ಒಳಸಂದುಗಳು ಮುಚ್ಚಿಹೋಗುತ್ತವೆ, ಪ ಮತ್ತು ಷ ಒಂದೇ ಆಗುತ್ತವೆ, ಠದ ಚುಕ್ಕೆ ಬೆಳಕಿನಲ್ಲಿ ಕರಗುತ್ತದೆ. ಕಪ್ಪು ಅಕ್ಷರ, ಬಿಳಿ ಹಿನ್ನೆಲೆ ಇದ್ದಾಗ ಇದು ತಿರುಗಾಮುರುಗಾ: ಹಿನ್ನೆಲೆಯ ಬೆಳಕು ಅಕ್ಷರದ ಗೆರೆಯನ್ನೇ ತಿನ್ನುತ್ತದೆ. ಬ್ರಿಟನ್ನಿನ ರಸ್ತೆ ಫಲಕಗಳಿಗೆ ಜಾಕ್ ಕಿನ್ನಿಯರ್, ಮಾರ್ಗರೆಟ್ ಕಾಲ್ವರ್ಟ್ ರೂಪಿಸಿದ ಟ್ರಾನ್ಸ್‌ಪೋರ್ಟ್ ಅಕ್ಷರಶೈಲಿಯಲ್ಲಿ ಇದಕ್ಕಾಗಿಯೇ ಎರಡು ತೂಕಗಳಿವೆ. ಗಾಢ ಬಣ್ಣದ ಮೇಲಿನ ಬಿಳಿಗೆ ತೆಳುವಾದ ಮೀಡಿಯಂ, ಬಿಳಿಯ ಮೇಲಿನ ಕಪ್ಪಿಗೆ ದಪ್ಪನೆಯ ಹೆವಿ. ಕನ್ನಡಕ್ಕೂ ಅದೇ ನಡೆ ಬೇಕು. ಕಪ್ಪು ಅಕ್ಷರಕ್ಕೆ ಗೆರೆಯ ದಪ್ಪ ಮೈಯೆತ್ತರದ ಆರನೇ ಒಂದು ಭಾಗ, ಹಸಿರು ನೀಲಿಗಳ ಮೇಲಿನ ಬಿಳಿಗೆ ಏಳನೇ ಅಥವಾ ಎಂಟನೇ ಒಂದು ಭಾಗ ಇಟ್ಟುಕೊಂಡರೆ ಸರಿಹೋಗುತ್ತದೆ. ಒಂದು ಕಡೆ ದಪ್ಪ, ಒಂದು ಕಡೆ ತೆಳು ಇರುವ ಅಲಂಕಾರದ ಫಾಂಟು ಬೇಡವೇ ಬೇಡ. ಗೆರೆ ಎಲ್ಲೆಡೆ ಒಂದೇ ಸಮ ಇರಲಿ.

ಹೊಳಪಿನ ಅನುಪಾತವನ್ನೂ ಲೆಕ್ಕ ಹಾಕಬೇಕು. ಟೈಪ್ 4ರಲ್ಲಿ ಹಸಿರಿನ ಕನಿಷ್ಠ ಮಟ್ಟ 50. ಬಿಳಿ 360 ಇರುವುದರಿಂದ ಅಕ್ಷರ ಹಿನ್ನೆಲೆಗಿಂತ ಏಳು ಪಟ್ಟು ಬೆಳಗುತ್ತದೆ. ಟೈಪ್ 11ರಲ್ಲಿ 58ಕ್ಕೆ 580, ಹತ್ತು ಪಟ್ಟು. ಎರಡೂ ಓದಲು ಹಿತ. ಖರ್ಚು ಉಳಿಸಲು ಹೋಗಿ ಹಿನ್ನೆಲೆಗೆ ಎಂಜಿನಿಯರಿಂಗ್ ಗ್ರೇಡಿನ ಹಸಿರು ಹಾಕಿ, ಅಕ್ಷರ ಮಾತ್ರ ಚೆನ್ನಾಗಿ ಹೊಳೆಯಲಿ ಎಂದು ಟೈಪ್ 11ರ ಬಿಳಿ ಅಂಟಿಸಿದರೆ 9ಕ್ಕೆ 580, ಅರವತ್ತು ಪಟ್ಟು ದಾಟುತ್ತದೆ. ಬೋರ್ಡು ರಾತ್ರಿ ಕಪ್ಪಾಗಿ, ಅಕ್ಷರಗಳು ಗಾಳಿಯಲ್ಲಿ ತೇಲುವ ಬೆಳಕಿನ ಮುದ್ದೆಗಳಾಗುತ್ತವೆ. ಮೊದಲಿಗೆ ಹೇಳಿದ ‘ಯಾವ ಹಳ್ಳಿ’ ಎಂಬ ಪ್ರಶ್ನೆ ಹುಟ್ಟುವ ಒಂದು ಜಾಗ ಇದು. ಅಕ್ಷರ, ಹಿನ್ನೆಲೆ ಎರಡಕ್ಕೂ ಒಂದೇ ಟೈಪು ಇರಲಿ.

ವಿನ್ಯಾಸ ಮಾಡುವವರಿಗೆ ಎರಡು ಮಾತು. ಜಾಗ ತುಂಬಿಸಲು ಅಕ್ಷರವನ್ನು ಅಡ್ಡಕ್ಕೆ ಎಳೆಯಬೇಡಿ, ಹಿಡಿಸಲು ಅಮುಕಬೇಡಿ. ಅಮುಕಿದಾಗ ಒಳಸಂದುಗಳೇ ಮೊದಲು ಸಾಯುವುದು. ಜಾಗ ಸಾಲದಿದ್ದರೆ ಪದ ಕಡಿಮೆ ಮಾಡಿ. ಊರಿನ ಹೆಸರಿನ ಬೋರ್ಡಿನಲ್ಲಿ ‘ಗ್ರಾಮಕ್ಕೆ ತಮಗೆ ಹಾರ್ದಿಕ ಸುಸ್ವಾಗತ’ ಎಂಬ ಸಾಲು ತೆಗೆದರೆ ಹೆಸರಿಗೆ ಇಮ್ಮಡಿ ಜಾಗ ಸಿಗುತ್ತದೆ. ಎರಡನೆಯದು, ‘ನುಡಿ’ ಎಂಬ ಕನ್ನಡ ತಂತ್ರಾಂಶದ ಹಳೆಯ ಫಾಂಟಿನಲ್ಲಿ ಬರೆದ ಫೈಲು ಯೂನಿಕೋಡ್ ಇರುವ ಕಂಪ್ಯೂಟರಿಗೆ ಹೋದಾಗ, ಅಥವಾ ಕನ್ನಡವನ್ನು ಸರಿಯಾಗಿ ಜೋಡಿಸಲು ಬಾರದ ಹಳೆಯ ಡಿಸೈನ್ ತಂತ್ರಾಂಶಕ್ಕೆ ಯೂನಿಕೋಡ್ ಹೋದಾಗ, ಒತ್ತು ಪಕ್ಕಕ್ಕೆ ಸರಿಯುತ್ತದೆ, ಅರ್ಕಾವೊತ್ತು ಒಡೆಯುತ್ತದೆ. ಕಳಿಸುವ ಮೊದಲೇ ಅಕ್ಷರಗಳನ್ನು ಕರ್ವ್ ಮಾಡಿ, ಅಂದರೆ ಫಾಂಟು ಬೇಡದ ಗೆರೆಚಿತ್ರವಾಗಿಸಿ, ಪಿಡಿಎಫ್ ಜೊತೆಗೆ ಕೊಟ್ಟು, ಅಕ್ಷರ ಕತ್ತರಿಸುವ ಯಂತ್ರವಾದ ಪ್ಲಾಟರಿಗೆ ಹಾಕುವ ಮುಂಚೆ ಕನ್ನಡ ಓದಲು ಬರುವ ಒಬ್ಬರಿಂದ ನೋಡಿಸಿ.

ಅಂಗಡಿಯಲ್ಲಿ

ತಳಕ್ಕೆ ಅಲ್ಯೂಮಿನಿಯಂ ತಗಡು, 600 ಮಿ.ಮೀ.ವರೆಗಿನ ಬೋರ್ಡಿಗೆ ಒಂದೂವರೆ ಮಿ.ಮೀ. ದಪ್ಪ, ಅದಕ್ಕಿಂತ ದೊಡ್ಡದಕ್ಕೆ 2 ಮಿ.ಮೀ. ಅಲ್ಯೂಮಿನಿಯಂ ಕಳ್ಳತನವಾಗುವ ಕಡೆ ಕಾಂಪೋಸಿಟ್ ಪ್ಯಾನೆಲ್ ಒಳ್ಳೆಯದು, ಗುಜರಿಯಲ್ಲಿ ಅದಕ್ಕೆ ಬೆಲೆ ಇಲ್ಲ. ಕಬ್ಬಿಣದ ತಗಡು ಬೇಡ, ತುಕ್ಕು ಶೀಟಿನ ಕೆಳಗೇ ಹರಡಿ ಗುಳ್ಳೆ ಎಬ್ಬಿಸುತ್ತದೆ.

ತಗಡನ್ನು ಸ್ಕಾಚ್‌ಬ್ರೈಟಿನಿಂದ ಉಜ್ಜಿ, ಐಸೊಪ್ರೊಪೈಲ್ ಆಲ್ಕೋಹಾಲಿನಿಂದ ಜಿಡ್ಡು ಒರೆಸಿ, ಒಣಗಿದ ಮೇಲೆ ಬರಿಗೈ ಮುಟ್ಟಿಸಬಾರದು. ಒಂದು ಬೆರಳಿನ ಗುರುತು ಬಿದ್ದಲ್ಲಿ ವರ್ಷದೊಳಗೆ ಗುಳ್ಳೆ ಏಳಬಹುದು. ಅಂಟು ಚೆನ್ನಾಗಿ ಹಿಡಿಯಲು ತಗಡು, ಶೀಟು ಎರಡೂ 18 ಡಿಗ್ರಿ ಸೆಲ್ಸಿಯಸ್ಸಿಗಿಂತ ಬೆಚ್ಚಗಿರಬೇಕು. ಮಲೆನಾಡಿನ ಡಿಸೆಂಬರ್ ಬೆಳಗಿನಲ್ಲಿ ತಗಡಿನ ಶೆಡ್ಡು ಅಷ್ಟು ಬೆಚ್ಚಗಿರುವುದಿಲ್ಲ, ಮಧ್ಯಾಹ್ನ ಅಂಟಿಸಿ. ಫ್ಲೆಕ್ಸ್ ಅಂಗಡಿಗಳಲ್ಲಿ ವಿನೈಲ್ ಅಂಟಿಸುವಾಗ ಸೋಪುನೀರು ಚಿಮುಕಿಸಿ ಜಾರಿಸುವ ಅಭ್ಯಾಸವಿದೆ. ಈ ಶೀಟಿಗೆ ಅದು ನಡೆಯದು. ನೀರು ಒಳಗೇ ಸಿಕ್ಕಿಕೊಳ್ಳುತ್ತದೆ. ಒಣಗಿದ್ದಾಗಲೇ, ರಬ್ಬರ್ ರೋಲರಿನಿಂದ ಒಂದು ತುದಿಯಿಂದ ಒತ್ತುತ್ತಾ ಬನ್ನಿ. ಎಳೆಯಬೇಡಿ. ಎಳೆದು ಅಂಟಿಸಿದ ಶೀಟು ಬಿಸಿಲಿಗೆ ಹಿಂದಕ್ಕೆ ಕುಗ್ಗಿ ಅಂಚು ಬಿಡುತ್ತದೆ. ರೋಲಿನ ಅಗಲ ಸಾಮಾನ್ಯವಾಗಿ ನಾಲ್ಕು ಅಡಿ, ದೊಡ್ಡ ಬೋರ್ಡಿಗೆ ಜೋಡು ತಪ್ಪದು. ಮಣಿ ಶೀಟಾದರೆ ಮೇಲಿನ ತುಂಡು ಕೆಳಗಿನದರ ಮೇಲೆ ಹೆಂಚಿನಂತೆ ಕೂರಲಿ, ಮಳೆನೀರು ಒಳನುಗ್ಗುವುದಿಲ್ಲ. ಪ್ರಿಸಂ ಶೀಟನ್ನು ಒಂದರ ಪಕ್ಕ ಒಂದು ತಾಗಿಸಿಯೇ ಇಡಬೇಕು. ಶೀಟಿನ ಬೆನ್ನಿನ ದಿಕ್ಕಿನ ಗುರುತು ಎಲ್ಲ ತುಂಡಿಗೂ ಒಂದೇ ಕಡೆ ಇದೆಯೇ ನೋಡಿ. ಹಗಲು ಎಲ್ಲ ಒಂದೇ ಬಿಳಿ, ರಾತ್ರಿ ಮಾತ್ರ ಅಡ್ಡ ಅಂಟಿಸಿದ ತುಂಡು ಮಂಕಾಗಿ ತೇಪೆ ಹಾಕಿದಂತೆ ಕಾಣುತ್ತದೆ.

ಅಕ್ಷರ ಹಾಕುವಲ್ಲಿ ಅತಿ ಹೆಚ್ಚು ತಪ್ಪಾಗುವುದು. ಪ್ರಿಸಂ ಶೀಟಿನಿಂದಲೇ ಬಿಳಿ ಅಕ್ಷರ ಕತ್ತರಿಸಿ ಹಸಿರಿನ ಮೇಲೆ ಅಂಟಿಸುವುದು ಒಂದು ಕ್ರಮ. ಇಂಗ್ಲಿಷಿನ ನೇರ ಗೆರೆಗಳಿಗೆ ಅದು ಹೇಗೋ ನಡೆದೀತು. ಕನ್ನಡದ ಸುರುಳಿಗಳಲ್ಲಿ ಕತ್ತರಿಸಿದ ಅಂಚಿನ ಉದ್ದ ಬಹಳ ಹೆಚ್ಚು, ಅಂಚು ಹಾದುಹೋದ ಕೋಶಗಳೆಲ್ಲ ಬಾಯ್ದೆರೆದು ನೀರು ಧೂಳು ಕುಡಿಯುತ್ತವೆ. 30 ಮಿ.ಮೀ. ಗೆರೆಯಲ್ಲಿ ಎರಡೂ ಕಡೆ ಮೂರು ಮೂರು ಮಿ.ಮೀ. ಸತ್ತರೆ ಗೆರೆಯ ಐದನೇ ಒಂದು ಭಾಗ ಹೋಯಿತು. ಒತ್ತಕ್ಷರದ ತೆಳು ಗೆರೆಯಲ್ಲಿ ಉಳಿಯುವುದು ಇನ್ನೂ ಕಡಿಮೆ. ಕನ್ನಡಕ್ಕೆ ಹೊಂದುವುದು ಇಸಿ ಫಿಲ್ಮ್: ಪೂರ್ತಿ ಬೋರ್ಡಿಗೆ ಬಿಳಿ ಪ್ರಿಸಂ ಶೀಟು ಹಾಕಿ, ಮೇಲೆ ಪಾರದರ್ಶಕ ಹಸಿರು ಅಕ್ರಿಲಿಕ್ ಫಿಲ್ಮು ಅಂಟಿಸುವುದು. ಅಕ್ಷರಗಳನ್ನು ಫಿಲ್ಮಿನಲ್ಲಿ ಮಾತ್ರ ಪ್ಲಾಟರಿನಿಂದ ಕೊರೆದು ತೆಗೆದಿರುತ್ತಾರೆ, ಅಲ್ಲೆಲ್ಲ ಕೆಳಗಿನ ಬಿಳಿ ಕಾಣುತ್ತದೆ. ಕೋಶಗಳಿಗೆ ಕತ್ತರಿ ತಾಗುವುದೇ ಇಲ್ಲ. ಇಲ್ಲಿ ಎಚ್ಚರ ಬೇಕಾದದ್ದು ನಡುಗಡ್ಡೆಗಳಿಗೆ. ‘ಬೆಂಗಳೂರು’ ಎಂಬಲ್ಲಿನ ಸೊನ್ನೆಯ ಒಳಗೆ ಒಂದು ಪುಟ್ಟ ಹಸಿರು ಬಿಲ್ಲೆ ಇರುತ್ತದೆ. ಅಕ್ಷರ ಬಿಡಿಸುವಾಗ ಅದೂ ಕಿತ್ತು ಬಂದರೆ ಸೊನ್ನೆ ಬಿಳಿ ಬೊಟ್ಟಾಗುತ್ತದೆ. ಬಿಡಿಸುವ ಮೊದಲೇ ನಡುಗಡ್ಡೆಗಳನ್ನು ಎಣಿಸಿ ಬರೆದಿಟ್ಟುಕೊಂಡು, ಟ್ರಾನ್ಸ್‌ಫರ್ ಟೇಪು ಹಾಕಿದ ಮೇಲೆ ಮತ್ತೆ ಎಣಿಸಿ.

ಕಡಿಮೆ ಬಂಡವಾಳದ ಹಳ್ಳಿ ಬೋರ್ಡಿಗೆ ಇದಾವುದೂ ಬೇಕಿಲ್ಲ. ಬಿಳಿ ಟೈಪ್ 4 ಶೀಟಿನ ಮೇಲೆ ಸಾಮಾನ್ಯ ಕಪ್ಪು ವಿನೈಲ್ ಅಕ್ಷರ. ಕಪ್ಪು ಹೊಳೆಯಬೇಕಾಗಿಲ್ಲವಾದ್ದರಿಂದ ಯಾವ ಸ್ಟಿಕ್ಕರ್ ಅಂಗಡಿಯ ಪ್ಲಾಟರಿನಲ್ಲೂ ಆಗುತ್ತದೆ. ಆದರೆ ಈ ಸಡಿಲಿಕೆ ಕಪ್ಪಿಗೆ ಮಾತ್ರ. ಕೆಂಪು ಅಂಚಿಗೆ ಸಾಮಾನ್ಯ ಕೆಂಪು ವಿನೈಲ್ ಹಾಕಿದರೆ ಹಗಲು ಕೆಂಪು, ರಾತ್ರಿ ಕಪ್ಪು. ಎಚ್ಚರಿಕೆಯ ತ್ರಿಕೋನದ ಗುರುತೇ ಆ ಕೆಂಪು ಅಂಚು. ಕೆಂಪು, ಹಸಿರು, ನೀಲಿ ಎಲ್ಲವೂ ಪಾರದರ್ಶಕ ಇಂಕೋ ಫಿಲ್ಮೋ ಆಗಿರಬೇಕು. ಬೋರ್ಡಿಗೆ ಗೀರು ಬಿದ್ದಲ್ಲಿ ಪೇಂಟು ತೀಡುವುದೂ ಹಾಗೆಯೇ, ರಾತ್ರಿ ಅಲ್ಲೊಂದು ಕಪ್ಪು ಕಲೆ.

ಕಂಬ ನೆಡುವಾಗ

ನಾವು ಎಡಗಡೆ ಓಡಿಸುವವರು. ನಮ್ಮ ಲೋ ಬೀಮ್ ಎಡಕ್ಕೆ ಮೇಲೇರಿ, ಬಲಕ್ಕೆ ತಗ್ಗಿ ಹರಡುತ್ತದೆ, ಎದುರಿನವರ ಕಣ್ಣು ಕುಕ್ಕಬಾರದೆಂದು. ಹಾಗಾಗಿ ಎಡಬದಿಯ ಬೋರ್ಡಿಗೆ ಬೆಳಕು ಧಾರಾಳ. ಮೀಡಿಯನ್ನಿನಲ್ಲಿ, ಅಂದರೆ ರಸ್ತೆಯ ನಡುಪಟ್ಟಿಯಲ್ಲಿ ಇರುವ ಬೋರ್ಡಿಗೂ, ತಲೆ ಮೇಲಿನ ಗ್ಯಾಂಟ್ರಿಗೂ ಬಹಳ ಕಡಿಮೆ. ಅವೆರಡಕ್ಕೆ ದರ್ಜೆ ಮೇಲಿನದೇ ಇರಬೇಕು.

ಬೋರ್ಡನ್ನು ಬರುವ ವಾಹನಕ್ಕೆ ಸರಿಯಾಗಿ ಲಂಬವಾಗಿ ನಿಲ್ಲಿಸಿದರೆ ಶೀಟಿನ ನಯವಾದ ಮೇಲ್ಮೈ ಕನ್ನಡಿಯಂತೆ ಬೆಳಕಿನ ಸ್ವಲ್ಪ ಪಾಲನ್ನು ನೇರ ಕಣ್ಣಿಗೆ ಹೊಡೆಯುತ್ತದೆ, ಅಕ್ಷರದ ಮೇಲೊಂದು ಬಿಳಿ ಕುಕ್ಕು. ಅದಕ್ಕೆ ಸುಮಾರು 5 ಡಿಗ್ರಿ ರಸ್ತೆಯಿಂದ ಆಚೆಗೆ ತಿರುಗಿಸುತ್ತಾರೆ. ಇದನ್ನು ಅಳೆಯುವುದು ಸುಲಭ. ಚಾಲಕ ಓದಬೇಕಾದ ಜಾಗದಲ್ಲಿ, 90 ಮೀಟರು ದೂರದಲ್ಲಿ, ಒಬ್ಬರು ಟಾರ್ಚು ಹಿಡಿದು ನಿಲ್ಲಲಿ. ಇನ್ನೊಬ್ಬರು ಬೋರ್ಡಿನ ಮೇಲೆ ಒಂದು ಚಿಕ್ಕ ಕನ್ನಡಿ ಚಪ್ಪಟೆಯಾಗಿ ಒತ್ತಿ ಹಿಡಿದು, ದೂರದವರಿಗೆ ತಮ್ಮದೇ ಟಾರ್ಚು ಕನ್ನಡಿಯಲ್ಲಿ ಕಾಣುವವರೆಗೆ ಬೋರ್ಡು ತಿರುಗಿಸಲಿ. ಅದು ಸರಿಯಾದ ಲಂಬ. ಅಲ್ಲಿಂದ, 600 ಮಿ.ಮೀ. ಅಗಲದ ಬೋರ್ಡಾದರೆ, ರಸ್ತೆ ಕಡೆಯ ಅಂಚು ಇನ್ನೊಂದು ಅಂಚಿಗಿಂತ 5 ಸೆಂ.ಮೀ. ಚಾಲಕನತ್ತ ಮುಂದೆ ಬರುವಂತೆ ತಿರುಗಿಸಿ ಕ್ಲ್ಯಾಂಪು ಬಿಗಿಮಾಡಿ.

ತಿರುವಿನಲ್ಲಿ ಈ ಕನ್ನಡಿ ಇನ್ನೂ ಮುಖ್ಯ. ಕಂಬ ಇರುವ ಜಾಗದ ರಸ್ತೆಯ ಅಂಚನ್ನು ನೋಡಿ ಬೋರ್ಡು ನಿಲ್ಲಿಸುವುದಲ್ಲ, ಚಾಲಕ ಎಲ್ಲಿಂದ ನೋಡುತ್ತಾನೋ ಅಲ್ಲಿಂದ ನಿಲ್ಲಿಸಬೇಕು. ಘಾಟಿಯ ಹಳದಿ ಕಪ್ಪು ಬಾಣದ ಬೋರ್ಡುಗಳನ್ನು ತಡೆಗೋಡೆಗೆ ಸಮಾನಾಂತರವಾಗಿ ಬಡಿದರೆ ಬೆಳಕು 30–40 ಡಿಗ್ರಿ ಓರೆಯಾಗಿ ಬೀಳುತ್ತದೆ. 30 ಡಿಗ್ರಿಯಲ್ಲಿ ಬಿಳಿ ಟೈಪ್ 4ರ ಕನಿಷ್ಠ ಮಟ್ಟ 360ರಿಂದ 170, ಟೈಪ್ 1ರದ್ದು 70ರಿಂದ 30. ಆಗುಂಬೆ, ಚಾರ್ಮಾಡಿಯಂಥ ಕಡೆ ಇದರ ಮೇಲೆ ಮಂಜು ಬೇರೆ. ಮಂಜಿನಲ್ಲಿ ಬೆಳಕು ಎರಡು ಸಲ ಹಾಯಬೇಕು, ಹೋಗುವಾಗ ಒಮ್ಮೆ, ಬರುವಾಗ ಒಮ್ಮೆ. ಒಂದು ಸಲಕ್ಕೆ ಹತ್ತರಲ್ಲೊಂದು ಪಾಲು ಉಳಿದರೆ ಎರಡು ಸಲಕ್ಕೆ ನೂರರಲ್ಲೊಂದು. ಅಲ್ಲಿ ದೊಡ್ಡ ಬೋರ್ಡಿಗಿಂತ ಹತ್ತಿರ ಹತ್ತಿರ ನೆಟ್ಟ ಸಣ್ಣ ಬಾಣಗಳೇ ದಾರಿ ತೋರಿಸುವುದು. ಒಂದು ಮರೆಯಾಗುವ ಮೊದಲು ಮುಂದಿನ ಎರಡು ಕಾಣುತ್ತಿರಬೇಕು.

ಬೋಲ್ಟು ಅತಿಯಾಗಿ ಬಿಗಿದರೆ ಸುತ್ತ ಶೀಟು ಸುಕ್ಕಾಗುತ್ತದೆ. ನೈಲಾನ್ ವಾಷರು ಹಾಕಿ. ಬೋಲ್ಟಿನ ತೂತು ಅಕ್ಷರದ ಮೇಲೆ ಬಾರದಂತೆ ಮೊದಲೇ ಗುರುತಿಸಿಕೊಳ್ಳಿ.

ನೆಟ್ಟ ಮೇಲೆ

ಚಳಿಗಾಲದ ನಸುಕಿನಲ್ಲಿ ಒಳ್ಳೆಯ ಬೋರ್ಡೂ ಕಪ್ಪಾಗಿ ನಿಂತಿರುವುದನ್ನು ನೀವು ನೋಡಿರಬಹುದು. ತೆಳು ತಗಡು ರಾತ್ರಿಯಿಡೀ ಆಕಾಶಕ್ಕೆ ಶಾಖ ಬಿಟ್ಟುಕೊಟ್ಟು ಸುತ್ತಲ ಗಾಳಿಗಿಂತ ತಣ್ಣಗಾಗಿ, ಮೇಲೆ ಇಬ್ಬನಿ ಕೂರುತ್ತದೆ. ಆ ಹನಿಗಳು ಬೆಳಕನ್ನು ಚದುರಿಸುತ್ತವೆ. ಶೀಟು ಕೆಟ್ಟಿದೆ ಎಂದುಕೊಂಡು ಬದಲಿಸಲು ಹೋಗಬೇಡಿ. ಬಿಸಿಲು ಬಂದ ಮೇಲೆ, ಅಥವಾ ಒಂದು ಭಾಗ ಒರೆಸಿ, ಮತ್ತೆ ನೋಡಿ. ಮಳೆಯ ನೀರು ಹರಿದುಹೋಗುವುದರಿಂದ ಇಷ್ಟು ತೊಂದರೆ ಕೊಡುವುದಿಲ್ಲ.

ಕರಾವಳಿ, ಮಲೆನಾಡಿನ ಕೆಮ್ಮಣ್ಣಿನ ಧೂಳು ಮತ್ತು ನೆರಳಲ್ಲಿರುವ ಬೋರ್ಡಿನ ಪಾಚಿ ಎರಡೂ ತೊಳೆದರೆ ಹೋಗುತ್ತವೆ. ಮೊದಲು ಬರೀ ನೀರು ಹಾಯಿಸಿ ಮರಳಿನ ಕಣ ಇಳಿಸಿ, ಆಮೇಲೆ ಸೌಮ್ಯ ಸೋಪುನೀರಿನಲ್ಲಿ ಸ್ಪಾಂಜು ಅದ್ದಿ ಮೇಲಿನಿಂದ ಕೆಳಕ್ಕೆ ಒರೆಸಿ, ಮತ್ತೆ ನೀರು. ಒಣ ಬಟ್ಟೆಯಲ್ಲಿ ಉಜ್ಜಿದರೆ ಮೇಲ್ಪದರಕ್ಕೆ ಗೀರು ಬೀಳುತ್ತದೆ. ಥಿನ್ನರ್, ಪೆಟ್ರೋಲ್ ಮುಟ್ಟಿಸಬೇಡಿ. ಮೈದಾ ಅಂಟಿನ ಪೋಸ್ಟರನ್ನು ಬ್ಲೇಡಿನಿಂದ ಕೆರೆಯುವ ಬದಲು ಒದ್ದೆ ಗೋಣಿಚೀಲ ಹೊದಿಸಿ ಅರ್ಧ ಗಂಟೆ ಬಿಡಿ, ತಾನಾಗಿ ಬಿಡುತ್ತದೆ. ಗಿಡಬಳ್ಳಿ ಸವರಲು ಸರಿಯಾದ ಹೊತ್ತು ಸೆಪ್ಟೆಂಬರ್ ಕೊನೆ, ಮಳೆಗಾಲದ ಹಸಿರು ಪೂರ್ತಿ ಬೆಳೆದ ಮೇಲೆ. ಮೇ ತಿಂಗಳಲ್ಲಿ ಸವರಿದ್ದು ಆಗಸ್ಟಿಗೆ ಮತ್ತೆ ಬೋರ್ಡು ಮುಚ್ಚಿರುತ್ತದೆ.

ಪರೀಕ್ಷೆಗೆ ದುಬಾರಿ ಮೀಟರು ಇಲ್ಲದಿದ್ದರೂ ಮೊಬೈಲ್ ಸಾಕು. ಕತ್ತಲಾಗುವ ಹೊತ್ತಿಗೆ 10 ಮೀಟರು ದೂರ ನಿಂತು ಫ್ಲ್ಯಾಶ್ ಹಾಕಿ ಫೋಟೊ ತೆಗೆಯಿರಿ. ಸತ್ತ ಕೋಶ, ಅಪಾರದರ್ಶಕ ಪೇಂಟು, ಅಡ್ಡ ಅಂಟಿಸಿದ ತುಂಡು ಎಲ್ಲವೂ ಕಪ್ಪು ಮಚ್ಚೆಯಾಗಿ ಬೀಳುತ್ತವೆ. ಆದರೆ ಫ್ಲ್ಯಾಶಿಗೂ ಕ್ಯಾಮೆರಾಗೂ ಅಂತರ ಸುಮಾರು 2 ಸೆಂ.ಮೀ., ಅಂದರೆ ಕೋನ 0.1 ಡಿಗ್ರಿ ಮಾತ್ರ. ಯಾವ ಶೀಟೂ ಅಲ್ಲಿ ಚೆನ್ನಾಗಿಯೇ ಹೊಳೆಯುತ್ತದೆ. ಲಾರಿ ಚಾಲಕನಿಗೆ ಹೇಗೆ ಕಾಣುತ್ತದೆ ಎಂದು ತಿಳಿಯಲು 50 ಮೀಟರು ದೂರ ನಿಂತು ಟಾರ್ಚನ್ನು ಸೊಂಟದ ಮಟ್ಟದಲ್ಲಿ ಹಿಡಿದು ನೋಡಿ. ಕಣ್ಣಿಗೂ ಟಾರ್ಚಿಗೂ 65 ಸೆಂ.ಮೀ. ಅಂತರ, ಕೋನ 0.75 ಡಿಗ್ರಿ. ಟಾರ್ಚನ್ನು ಹಾಗೆಯೇ ಕಿವಿಯ ಪಕ್ಕಕ್ಕೆ ಏರಿಸಿದರೆ ಬೋರ್ಡು ಎಷ್ಟು ಬೆಳಗುತ್ತದೆ ಎಂಬುದೂ, ಲಾರಿಯವರಿಗೆ ಅದರಲ್ಲಿ ಎಷ್ಟು ಸಿಗುವುದಿಲ್ಲ ಎಂಬುದೂ ಒಂದೇ ಸಲಕ್ಕೆ ಗೊತ್ತಾಗುತ್ತದೆ.

ಕೊನೆಯ ಪರೀಕ್ಷೆ ವಾಹನದಲ್ಲಿ, ಲೋ ಬೀಮಿನಲ್ಲಿ, ಗಾಜು ತೊಳೆದುಕೊಂಡು. ಓದುವ ಕೆಲಸ ಅರವತ್ತು ದಾಟಿದವರಿಗೆ ಕೊಡಿ. ಆ ವಯಸ್ಸಿನ ಕಣ್ಣಿನೊಳಕ್ಕೆ ಇಪ್ಪತ್ತರ ಕಣ್ಣಿನ ಮೂರನೇ ಒಂದು ಪಾಲಿನಷ್ಟೇ ಬೆಳಕು ಇಳಿಯುತ್ತದೆ. ಅಮೆರಿಕದ ನಿಯಮಗಳಲ್ಲೂ ಕಣ್ಣಳತೆಯ ರಾತ್ರಿ ತಪಾಸಣೆಯ ಒಂದು ವಿಧಾನಕ್ಕೆ ಅರವತ್ತು ತುಂಬಿದ ತಪಾಸಕರೇ ಆಗಬೇಕು ಎಂದಿದೆ. ಅವರಿಗೆ ಊರಿನ ಹೆಸರು ಮೊದಲೇ ಹೇಳಬೇಡಿ. ಓದಿ ಹೇಳಿದ ಕ್ಷಣ ಟ್ರಿಪ್ ಮೀಟರು ನೋಡಿಕೊಂಡು, ಬೋರ್ಡಿನ ಹತ್ತಿರ ಮತ್ತೆ ನೋಡಿ. ಟ್ರಿಪ್ ಮೀಟರು ಹೇಳುವುದು ನೂರು ಮೀಟರಿನ ಲೆಕ್ಕದಲ್ಲಿ ಮಾತ್ರ, ಹೆಚ್ಚು ನಿಖರ ಬೇಕಾದರೆ ರಸ್ತೆ ಬದಿಗೆ ಮೊದಲೇ 20 ಮೀಟರಿಗೊಂದು ಸುಣ್ಣದ ಗುರುತು ಹಾಕಿಡಿ. ಬಂದ ದೂರ, ಶೀಟಿನ ಟೈಪು, ನೆಟ್ಟ ತಿಂಗಳು, ವರ್ಷ ಇಷ್ಟನ್ನೂ ಬೋರ್ಡಿನ ಬೆನ್ನಿಗೆ ಪೇಂಟಿನಲ್ಲಿ ಬರೆಯಿರಿ. ಮುಂದಿನ ವರ್ಷ ಪರೀಕ್ಷಿಸುವವರು ಅದರ ಪಕ್ಕದಲ್ಲೇ ತಮ್ಮ ಅಂಕಿ ಬರೆಯುತ್ತಾರೆ.